ಅಲುಗಾಡದೆ ಓದುವವರಿಗೆ ದೀಪವಿಲ್ಲ

ಸಾರ್ವಜನಿಕ ಕಟ್ಟಡಗಳಿಗಾಗಿ ವಿದ್ಯುತ್ತು, ಅಡುಗೆ ಅನಿಲ ಮತ್ತು ಇಂಧನ ಉಳಿತಾಯದ ಸೇವೆಗಳನ್ನು ಖರೀದಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಖರೀದಿಸಿದ ದೀಪಗಳು ನಮ್ಮನ್ನು ಮನುಷ್ಯರೆಂದು ಗುರುತಿಸುವುದಿಲ್ಲ. ಜಹೀರಾಬಾದಿನ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿರುವ ನಮ್ಮ ವಾಚನಾಲಯದಲ್ಲಿ ಪುಸ್ತಕ ಹಿಡಿದು ಸುಮ್ಮನೆ ಕೂತರೆ ಅವು ಆರಿಹೋಗುತ್ತವೆ. ಎದ್ದು ಕೈ ಬೀಸಿದರೆ ಹತ್ತಿಕೊಳ್ಳುತ್ತವೆ. ಹೀಗೆ ದೀಪ ಆರಿದ್ದ ಹೊತ್ತನ್ನೆಲ್ಲ ಕೂಡಿಸಿ, ಈ ಕೋಣೆಗೆ ಯಾರೂ ಬರುವುದಿಲ್ಲವೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅದರ ಶಿಫಾರಸಿನ ಮೇರೆಗೆ ಬರುವ ತಿಂಗಳ ಕೊನೆಗೆ ವಾಚನಾಲಯಕ್ಕೆ ಬೀಗ ಬೀಳುವುದೆಂದೂ, ಪುಸ್ತಕಗಳನ್ನು ಗೋದಾಮಿಗೆ ಸಾಗಿಸುವುದೆಂದೂ ಬಾಗಿಲಿಗೆ ಕಾಗದ ಅಂಟಿಸಿದ್ದೀರಿ. ಅಂಟಿಸಲು ಬಂದವನ ಬಳಿ ಗೋಂದು ಇರಲಿಲ್ಲ. ಒಳಗೆ ಕೂತಿದ್ದ ನಮ್ಮನ್ನೇ ಕೇಳಿ ಪಡೆದುಕೊಂಡ.

ಗಡಿಯ ತೆಲುಗು ಕಡೆಯಲ್ಲಿದ್ದೂ ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರಪಡಬೇಡಿ. ಇದೇ ದೂರನ್ನು ತೆಲುಗಿನಲ್ಲಿ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದೆ. ನನ್ನ ಅಮೂಲ್ಯ ಸಲಹೆಗೆ ಧನ್ಯವಾದ ಹೇಳಿ ಉತ್ತರ ಬಂತು. ನಾನು ಯಾವ ಸಲಹೆಯನ್ನೂ ಕೊಟ್ಟಿರಲಿಲ್ಲ. ಕನ್ನಡದಲ್ಲಿ ಬರೆದರೆ, ಓದದೆ ಬಿಟ್ಟದ್ದಕ್ಕೆ ನಿಮಗೆ ಒಪ್ಪಬಹುದಾದ ಒಂದು ಕಾರಣವಾದರೂ ಸಿಗುತ್ತದೆ. ಅಲ್ಲದೆ ಈ ಪತ್ರವನ್ನು ಅಚ್ಚು ಹಾಕುತ್ತಿರುವ ಪತ್ರಿಕೆ ಬೆಳಗಿನ ಬಸ್ಸಿಗೆ ಬೀದರಿನಿಂದ ಜಹೀರಾಬಾದಿಗೆ ಬರುತ್ತದೆ, ನಾರಾಯಣಖೇಡಕ್ಕೂ ತಾಂಡೂರಿಗೂ ಹೋಗುತ್ತದೆ. ಮೂರೂ ಊರುಗಳಿಗೆ ನೀವು ಒಂದೇ ಟೆಂಡರ್ ಕರೆದವರು. ಮೂರೂ ಊರಿನವರು ಓದಲಿ.

ಮೊದಲು ಕೋಣೆಯ ವಿಷಯ. ತಾಂಡೂರಿನ ಕಲ್ಲು ಹಾಸಿದ, ಕಲ್ಲಿನದೇ ಗೋಡೆಯ ಉದ್ದನೆಯ ಕೋಣೆ ಅದು. ಹಿಂದೆ ಪಡುವಣ ಕಿಟಕಿಯಿಂದ ಬೇಕಾದಷ್ಟು ಬೆಳಕು ಬರುತ್ತಿತ್ತು. ಈಗ ಆ ಕಿಟಕಿಗೆ ಅಂಟಿಕೊಂಡಂತೆ ಅಂಗಡಿ ಸಾಲಿನ ಹಿಂಗೋಡೆ ಎದ್ದಿದೆ, ಹೀಗಾಗಿ ನಡು ಮಧ್ಯಾಹ್ನವೂ ದೀಪವಿಲ್ಲದೆ ಅಕ್ಷರ ಕಾಣುವುದಿಲ್ಲ. ಒಂದು ಮೂಲೆಯಲ್ಲಿ, ವಕೀಲ ರೇವಪ್ಪನವರು ತಮ್ಮ ಕೊನೆಗಾಲದಲ್ಲಿ ಕೊಟ್ಟುಹೋದ ಪುಸ್ತಕಗಳ ಕಪಾಟಿದೆ: ದೇಶದೇಶಗಳ ಕಾದಂಬರಿಗಳು, ಎಲ್ಲವೂ ಕನ್ನಡಕ್ಕೆ ಅನುವಾದವಾದವು. ರೇವಪ್ಪನವರ ಷರತ್ತು ಒಂದೇ ಇತ್ತು. ಪುಸ್ತಕ ಹೊರಗೆ ಹೋಗಬಾರದು, ಅಲ್ಲೇ ಕೂತು ಓದಬೇಕು. ನಾನು ಊರಿನಲ್ಲಿ ಔಷಧಿ ಅಂಗಡಿ ನಡೆಸುವವಳು. ಮಧ್ಯಾಹ್ನ ಊಟಕ್ಕೆಂದು ಶಟರ್ ಎಳೆದು, ಮತ್ತೆ ತೆರೆಯುವವರೆಗಿನ ಹೊತ್ತನ್ನು ಆ ಕಪಾಟಿನ ಮುಂದಿನ ಕುರ್ಚಿಯಲ್ಲಿ ಕಳೆಯುವುದು ನನ್ನ ಬಹುಕಾಲದ ರೂಢಿ. ನಾನು ಎಂದೂ ಕಾಣದ ಊರುಗಳ ಜನ ನನ್ನ ಭಾಷೆಯಲ್ಲಿ ಜಗಳವಾಡುವುದು, ಸಾಲ ಕೇಳುವುದು, ಸುಳ್ಳು ಹೇಳುವುದು ನನಗೆ ಇಷ್ಟ. ಇದಕ್ಕಿಂತ ಹೆಚ್ಚಾಗಿ ನನ್ನ ವಿಷಯ ನಿಮಗೆ ತಿಳಿಯಬೇಕಾದ್ದಿಲ್ಲ.

ಕೋಣೆಯಲ್ಲಿ ಹಿಂದೆ ಟ್ಯೂಬ್‌ಲೈಟುಗಳಿದ್ದವು, ಬಾಗಿಲ ಪಕ್ಕ ಸ್ವಿಚ್ಚಿತ್ತು. ನಮ್ಮ ವಾಚನಾಲಯದ ಸಹಾಯಕ ಸಂಜೀವಕುಮಾರ ಯಾರಾದರೂ ಬಂದರೆ ಹಾಕುತ್ತಿದ್ದ, ಎಲ್ಲರೂ ಹೋದ ಮೇಲೆ ಆರಿಸುತ್ತಿದ್ದ. ಆತ ಒಂದು ಬೆಂಕಿಕಡ್ಡಿಯನ್ನೂ ದಂಡ ಮಾಡುವವನಲ್ಲ. ಇಂಧನ ಉಳಿತಾಯದ ಸೇವೆ ಎಂದರೆ ಇದೇ ಅಲ್ಲವೇ? ಆ ಸೇವೆಯನ್ನು ಸಂಜೀವಕುಮಾರನ ಬೆರಳು ಪುಕ್ಕಟೆಯಾಗಿ ಸಲ್ಲಿಸುತ್ತಿತ್ತು. ಪುಕ್ಕಟೆಯಾಗಿ ಸಿಗುವುದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ ಎಂಬುದೇ ಅದರಲ್ಲಿದ್ದ ದೋಷವಿರಬೇಕು.

ನೀವು ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿಕೊಂಡೆ. ಅನುವಾದಿತ ಗದ್ಯವನ್ನು ಓದಿ ಅಭ್ಯಾಸವಿರುವುದರಿಂದ ಅರ್ಥವಾಗದ ವಾಕ್ಯಗಳ ಮುಂದೆ ನಾನು ಬೇಗ ಸೋಲುವುದಿಲ್ಲ. ನನಗೆ ತಿಳಿದದ್ದು ಇಷ್ಟು. ಕಂಪನಿ ದೀಪಗಳನ್ನು ತಾನೇ ತಂದು ಹಾಕುತ್ತದೆ. ಕೋಣೆಯಲ್ಲಿ ಜನರ ಚಲನೆ ಇದ್ದರೆ ದೀಪ ಹತ್ತುತ್ತದೆ, ಚಲನೆ ನಿಂತು ಸ್ವಲ್ಪ ಹೊತ್ತಾದರೆ ಆರುತ್ತದೆ. ಹೀಗೆ ಉಳಿದ ಕರೆಂಟಿನಲ್ಲಿ ಕಂಪನಿಗೆ ಪಾಲು. ಅಂದರೆ ನಾವು ಕತ್ತಲಲ್ಲಿ ಎಷ್ಟು ಹೆಚ್ಚು ಕೂರುತ್ತೇವೋ ಕಂಪನಿಗೆ ಅಷ್ಟು ಒಳ್ಳೆಯದು. ಉಳಿತಾಯವನ್ನು ಅಳೆಯುವ ಯಂತ್ರವೂ ಕಂಪನಿಯದೇ. ಆ ಯಂತ್ರವೇ, ಕೇಳದೆ ಕೊಟ್ಟ ಉಡುಗೊರೆಯಂತೆ, ಯಾವ ಕೋಣೆಗೆ ಜನ ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ ಎಂದೂ ನಿಮಗೆ ವರದಿ ಕಳಿಸುತ್ತದೆ. ಚಲನೆ ಇಲ್ಲವೆಂದರೆ ಜನ ಇಲ್ಲ. ಇಡೀ ಒಪ್ಪಂದ ನಿಂತಿರುವುದು ಈ ಒಂದು ವಾಕ್ಯದ ಮೇಲೆ.

ಈ ವಾಕ್ಯ ಬರೆದವರು ಯಾರು? ಅವರ ಮನೆಯಲ್ಲಿ ಯಾರೂ ಓದುವುದಿಲ್ಲವೇ? ಪರೀಕ್ಷೆಯಲ್ಲಿ ಕೂತ ವಿದ್ಯಾರ್ಥಿ, ಜ್ವರದಲ್ಲಿ ಮಲಗಿದ ರೋಗಿ, ಲೆಕ್ಕ ತಪ್ಪಿ ಯೋಚಿಸುತ್ತಿರುವ ಗುಮಾಸ್ತ, ಇವರೆಲ್ಲ ನಿಮ್ಮ ಪ್ರಕಾರ ಎಲ್ಲಿ ಹೋಗಿದ್ದಾರೆ? ನಮ್ಮ ಅತ್ತೆ ಶಕುಂತಲಾಬಾಯಿ ದಿನಾ ಬೆಳಿಗ್ಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ರೆಪ್ಪೆ ಕೂಡ ಹೊಡೆಯದೆ ಅದನ್ನೇ ನೋಡುತ್ತಾ ಕೂರುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಅವರು ಇರುವಷ್ಟು ಇನ್ನಾರೂ ಇರುವುದಿಲ್ಲ. ನಿಮ್ಮ ದೀಪವನ್ನು ಪೂಜೆಯ ಕೋಣೆಗೆ ಹಾಕಿದ್ದರೆ ಅವರನ್ನೂ ಗೈರುಹಾಜರಿ ಎಂದು ಬರೆಯುತ್ತಿತ್ತು.

ನ್ಯಾಯವಾಗಿ ಹೇಳಬೇಕು, ಓದುವವರೆಲ್ಲರಿಗೂ ತೊಂದರೆಯಾಗಿಲ್ಲ. ಬೆಳಿಗ್ಗೆ ಬರುವ ನಿವೃತ್ತ ಮೇಷ್ಟ್ರು ಈಶಪ್ಪನವರು ದಿನಪತ್ರಿಕೆ ಓದುತ್ತಾರೆ. ದಿನಪತ್ರಿಕೆಯ ಹಾಳೆ ದೊಡ್ಡದು. ಅದನ್ನು ತಿರುಗಿಸಲು ಎರಡೂ ತೋಳು ಚಾಚಬೇಕು, ಮಡಚಬೇಕು, ಕೊಡವಬೇಕು. ಮೇಲಾಗಿ ಅವರು ಓದುತ್ತಲೇ ಸರ್ಕಾರವನ್ನು ಬೈಯುವಾಗ ಕೈ ಎತ್ತುತ್ತಾರೆ. ಅವರ ತಲೆಯ ಮೇಲೆ ದೀಪ ಆರಿದ್ದನ್ನು ನಾನು ಕಂಡಿಲ್ಲ. ಕಾದಂಬರಿಯ ಹಾಳೆಗೆ ಒಂದು ಬೆರಳು ಸಾಕು. ಬೆರಳಿನ ಚಲನೆ ನಿಮ್ಮ ಯಂತ್ರದ ಗಣನೆಗೆ ಬರುವುದಿಲ್ಲ. ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟು ಬೇಗ ಕತ್ತಲಾಗುತ್ತದೆ. ನಾನು ಓದುವಾಗ ನಡುವೆ ಎದ್ದು, ಯಾರನ್ನೋ ಬಸ್ಸಿನಿಂದ ಇಳಿಸಿಕೊಳ್ಳುವವಳಂತೆ ಎರಡೂ ಕೈ ಬೀಸಿ, ಮತ್ತೆ ಕೂತು, ಯಾವ ಸಾಲಿನಲ್ಲಿದ್ದೆನೆಂದು ಹುಡುಕುವುದನ್ನು ಕಲಿತೆ. ಈ ವಯಸ್ಸಿನಲ್ಲಿ ಅದು ಚೆಂದ ಕಾಣುವುದಿಲ್ಲ.

ನಾವು ಪರಿಹಾರ ಹುಡುಕಲಿಲ್ಲವೆಂದಲ್ಲ. ಸಂಜೀವಕುಮಾರ ಫ್ಯಾನಿನ ಕೆಳಗೆ ಕ್ಯಾಲೆಂಡರ್ ತೂಗುಹಾಕಿ ಅಲುಗಾಡಿಸಿ ನೋಡಿದ. ಯಂತ್ರ ಮೋಸಹೋಗಲಿಲ್ಲ, ಅದಕ್ಕೆ ಬಿಸಿ ಇರುವ ಮೈಯೇ ಬೇಕಂತೆ. ಓಣಿಯ ಎಲೆಕ್ಟ್ರಿಷಿಯನ್ ಲಿಂಗರಾಜನನ್ನು ಕರೆಸಿದೆವು. ಆತ ಏಣಿ ಹತ್ತಿ ನೋಡಿ ಅಷ್ಟೇ ಬೇಗ ಇಳಿದ.

"ಸೀಲ್ ಹಾಕ್ಯಾರ ಅಕ್ಕಾರ. ಮುಟ್ಟಿದ್ರ ಕೇಸ್ ಅಂತ ಬರದಾರ. ನೀವು ಬೇಕಾದ್ರ ಅದರ ಕೆಳಗ ಕುಣೀರಿ, ಅದಕ್ಕೇನ್ ಕೇಸ್ ಇಲ್ಲ," ಎಂದ.

ಪ್ಲಗ್ಗುಗಳನ್ನೂ ಕಂಪನಿ ಆಗಲೇ ತೆಗೆಸಿತ್ತು, ಹಾಗಾಗಿ ಮನೆಯಿಂದ ಮೇಜಿನ ದೀಪ ತರುವಂತಿರಲಿಲ್ಲ. ಮೊಬೈಲಿನ ಬೆಳಕಿನಲ್ಲಿ ಓದಬಹುದು, ಓದಿದ್ದೇನೆ. ಆದರೆ ಆ ಹೊತ್ತೆಲ್ಲ ನಿಮ್ಮ ವರದಿಯಲ್ಲಿ ಖಾಲಿ ಕೋಣೆಯ ಹೊತ್ತು.

ಕೊನೆಗೆ ನಮಗೆ ಬೆಳಕು ಕೊಟ್ಟವರು ಕಲ್ಯಾಣಪ್ಪ ಕಾಕಾ. ಝರಾಸಂಗಂ ಕಡೆಯ ಕುರಿಗಾರರು. ಕಾಲು ನೋವಿನಿಂದ ಈಗ ಕುರಿ ಹಿಂದೆ ಹೋಗಲಾರರು. ಹಿಂಡನ್ನು ತಮ್ಮನಿಗೆ ಒಪ್ಪಿಸಿ ಜಹೀರಾಬಾದಿಗೆ, ನಮ್ಮ ಓಣಿಯಲ್ಲೇ ಇರುವ ಮಗಳು ಸುಭದ್ರಮ್ಮನ ಮನೆಗೆ ಬಂದಿದ್ದಾರೆ. ಕುರಿ ಬಿಟ್ಟರೂ ಉಣ್ಣೆ ಬಿಟ್ಟಿಲ್ಲ. ಕಂಬಳಿಗೆ ಬೇಕಾದ ನೂಲನ್ನು ಕೈಯಲ್ಲಿ ತಿರುಗಿಸುವ ಕದಿರಿನಿಂದ ದಿನವಿಡೀ ನೂಲುತ್ತಾರೆ. ಅವರ ಕಡೆಯ ಗಂಡಸರು ಕುರಿ ಕಾಯುತ್ತಾ, ನಡೆಯುತ್ತಾ, ಮಾತಾಡುತ್ತಾ ನೂಲುವವರು. ಎಡಗೈ ಮೇಲೆ ಹೋಗುತ್ತದೆ, ಬಲಗೈ ಕದಿರನ್ನು ತಿರುವಿ ಬಿಡುತ್ತದೆ, ದಾರ ಇಳಿಯುತ್ತದೆ, ಮತ್ತೆ ಕೈ ಮೇಲೆ. ವಾಚನಾಲಯದ ಜಗಲಿ ತಂಪೆಂದು ಅಲ್ಲಿ ಕೂರುತ್ತಿದ್ದರು. ಒಂದು ದಿನ ನೀರು ಕುಡಿಯಲು ಒಳಗೆ ಬಂದವರು ಬೆಂಚಿನ ಮೇಲೆ ಕೂತು ಹಾಗೇ ನೂಲತೊಡಗಿದರು. ಅವರು ಎದ್ದು ಹೋಗುವವರೆಗೆ ದೀಪ ಆರಲಿಲ್ಲ. ಸಂಜೀವಕುಮಾರ ಮೇಲೆ ನೋಡಿದ, ಅವರನ್ನು ನೋಡಿದ, ನನ್ನನ್ನು ನೋಡಿದ.

ಮರುದಿನ ಜಗಲಿಗೆ ಹೋಗಿ ಕರೆದ. "ಕಾಕಾ, ಒಳಗ ಬಂದು ಕೂಡ್ರಿ. ಫ್ಯಾನ್ ಅದ."

"ಒಳಗ ಬಂದು ನಾ ಏನ್ ಮಾಡ್ಲಿ? ನನಗ ಅಕ್ಷರ ಬರಲ್ಲ."

"ಅಕ್ಷರ ಬರೋರು ಅದಾರ, ಅವರಿಗೆ ಬತ್ತಿ ಇಲ್ಲ. ನೀವು ನೂಲಿದ್ರ ಬತ್ತಿ ಹತ್ತತದ."

ಕಾಕಾ ಕದಿರನ್ನು ಮಡಿಲಿಗೆ ಇಳಿಸಿ ಸಂಶಯದಿಂದ ನೋಡಿದರು. "ನನ್ನ ಕದಿರಿನಿಂದ ಕರೆಂಟ್ ಹುಟ್ತದೇನು? ಹಂಗಿದ್ರ ಬಿಲ್ ಯಾರಿಗಿ ಬರ್ತದ? ಮೊದಲ ಅದು ಹೇಳು."

ಬಿಲ್ ಬರುವುದಿಲ್ಲವೆಂದು ಖಚಿತ ಮಾಡಿಕೊಂಡು ಬಂದರು. ಅಂದಿನಿಂದ ಪ್ರತಿ ಮಧ್ಯಾಹ್ನ ಅವರು ನೂಲುತ್ತಿದ್ದರು, ನಾನು ಓದುತ್ತಿದ್ದೆ. ಕೆಲವು ದಿನ ಹೀಗೇ ನಡೆಯಿತು. ನಾನು ಓದುವಾಗ ಯಾರ ಜೊತೆಗೂ ಮಾತಾಡುವವಳಲ್ಲ. ಅವರೇ ಮೊದಲು ಮಾತು ತೆಗೆದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮಗಾಗಿ ನಾ ಇಷ್ಟು ಕೈ ಆಡಸ್ತೀನಿ, ನೀವು ನನಗಾಗಿ ಒಂದೀಟು ಬಾಯಿ ಆಡಸ್ರಿ. ಅದರಾಗ ಏನ್ ಬರದಾರ, ನನಗೂ ಕೇಳ್ಸಂಗ ಓದ್ರಿ."

ಅದು ನ್ಯಾಯವಾದ ಬೇಡಿಕೆಯಾಗಿತ್ತು. ನಿಮ್ಮ ಒಪ್ಪಂದದಲ್ಲಿ ಅಂಥ ಒಂದಾದರೂ ಇದ್ದಿದ್ದರೆ ಚೆನ್ನಾಗಿತ್ತು. ನಾನು ಗಟ್ಟಿಯಾಗಿ ಓದತೊಡಗಿದೆ.

ಆಗ ನನ್ನ ಕೈಯಲ್ಲಿದ್ದದ್ದು ಹಿಮ ಬೀಳುವ ದೇಶದ ಒಂದು ಕಾದಂಬರಿ. ಯುದ್ಧದ ಕಾಲ. ಊರಿನ ಜಾನುವಾರುಗಳನ್ನೆಲ್ಲ ಸೈನ್ಯಕ್ಕೆಂದು ಎಣಿಸಿ ಒಯ್ಯುತ್ತಿದ್ದಾರೆ. ದೋಣಿ ನಡೆಸುತ್ತಿದ್ದವನ ವಿಧವೆಯೊಬ್ಬಳು ತನ್ನ ಮೇಕೆಯೊಂದನ್ನು ಮನೆಯೊಳಗೆ, ಒಲೆಯ ಹಿಂದೆ ಬಚ್ಚಿಟ್ಟಿದ್ದಾಳೆ. ಮೇವು ಮುಗಿಯುತ್ತಾ ಬಂದಿದೆ. ಕಾಕಾ ಮೊದಲ ಅಧ್ಯಾಯದಿಂದ ಕೇಳಬೇಕೆಂದರು. ನಾನು ಅರ್ಧ ಓದಿದ್ದನ್ನು ಬಿಟ್ಟು ಮೊದಲಿಗೆ ಮರಳಿದೆ. ಅವರಿಲ್ಲದಾಗ ಮುಂದಕ್ಕೆ ಓದುವುದಿಲ್ಲವೆಂದು ಮಾತು ಕೊಟ್ಟೆ.

"ಹುಲ್ಲಿನಾಗ ಒಂಚೂರು ಉಪ್ಪು ಹಾಕಂತ ಹೇಳ್ರಿ ಆ ಹೆಣ್ಮಗಳಿಗಿ," ಎಂದರು ಒಂದು ದಿನ, ಮೇಕೆ ಮೇವು ಬಿಟ್ಟ ಭಾಗ ಬಂದಾಗ.

"ಕಾಕಾ, ಆಕಿಗಿ ನಾ ಹೇಳಿದ್ದು ಹ್ಯಾಂಗ ಕೇಳ್ಸತದ?"

"ಯಾಕ ಕೇಳ್ಸಲ್ಲ? ಕನ್ನಡದಾಗೇ ಮಾತಾಡ್ಲಾಕತ್ಯಾಳಲ್ಲ!"

ಅನುವಾದಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಾರದು.

ಈಗ ಸ್ವಲ್ಪ ತಾಂಡೂರಿಗೆ ಬನ್ನಿ, ಏಕೆಂದರೆ ತಪ್ಪು ದೀಪದ್ದೊಂದೇ ಎಂದು ನೀವು ತಿಳಿಯಬಾರದು. ಅದೇ ಟೆಂಡರಿನಲ್ಲಿ ವಸತಿನಿಲಯಗಳ ಅಡುಗೆ ಅನಿಲವೂ ಸೇರಿದೆ. ನನ್ನ ತಂಗಿ ಪ್ರೇಮಲಾ ತಾಂಡೂರಿನ ಒಂದು ವಸತಿನಿಲಯದಲ್ಲಿ ಹೆಣ್ಣುಮಕ್ಕಳ ವಾರ್ಡನ್. ತಲೆಗೆ ಇಷ್ಟು ಅನಿಲ ಎಂದು ನೀವು ಲೆಕ್ಕ ಹಾಕಿದ್ದೀರಿ. ಆ ಲೆಕ್ಕದ ಹಿಂದೆ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಕುದಿಯುವ ಅನ್ನವಿದೆ. ನಮ್ಮ ಕಡೆಯ ಮಕ್ಕಳು ಜೋಳದ ರೊಟ್ಟಿ ತಿಂದು ಬೆಳೆದವರು. ರೊಟ್ಟಿ ಒಂದೊಂದಾಗಿ ಬೇಯುತ್ತದೆ, ಕೊನೆಯ ಹುಡುಗಿಯ ರೊಟ್ಟಿ ಬೇಯುವವರೆಗೆ ಹಂಚು ಕಾದೇ ಇರಬೇಕು. "ರೊಟ್ಟಿ ಬಡದ್ರ ಸಿಲಿಂಡರ್ ಮುಗೀತದ, ಅನ್ನ ಕುದಿಸಿದ್ರ ಉಳೀತದ ಅಕ್ಕ," ಎನ್ನುತ್ತಾಳೆ ಪ್ರೇಮಲಾ. "ಉಳಿದಿದ್ದಕ್ಕ ನನಗ ಶಾಬಾಸ್ ಅಂತ ಕಾಗದ ಕಳಿಸ್ಯಾರ. ಹುಡುಗ್ಯಾರು ರೊಟ್ಟಿ ಯಾವಾಗ ಅಂತ ಕೇಳ್ತಾರ. ಆ ಕಾಗದ ತೋರಸ್ಲೇನು?" ಈಗ ಅಲ್ಲಿ ರೊಟ್ಟಿ ವಾರಕ್ಕೊಮ್ಮೆ. ನಿಮ್ಮ ವರದಿಯಲ್ಲಿ ಅದರ ಹೆಸರು ಉಳಿತಾಯ. ಇಲ್ಲಿ ಓದದೆ ಬಿಟ್ಟ ಪುಟ, ಅಲ್ಲಿ ತಿನ್ನದೆ ಬಿಟ್ಟ ರೊಟ್ಟಿ: ನೀವು ನಮ್ಮಿಂದ ಉಳಿಸಿದ್ದು ಇಂಥವುಗಳನ್ನು.

ನಾರಾಯಣಖೇಡದಲ್ಲಿ ಮಾತ್ರ ನಿಮ್ಮ ದೀಪಗಳಿಗೆ ಒಬ್ಬ ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆ. ಔಷಧಿ ಪರವಾನಗಿಯ ಕೆಲಸಕ್ಕೆ ಅಲ್ಲಿನ ಒಂದು ಕಚೇರಿಗೆ ಹೋಗಿದ್ದೆ. ಊಟದ ಹೊತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಬೀದಿನಾಯಿ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಾಡುತ್ತಿತ್ತು. ಅದು ಹೋದಲ್ಲೆಲ್ಲ ಒಂದೊಂದಾಗಿ ದೀಪಗಳು ಹತ್ತುತ್ತಿದ್ದವು. ಅಂಥ ಮರ್ಯಾದೆ ನನಗೆ ಯಾವ ಸರ್ಕಾರಿ ಕಟ್ಟಡದಲ್ಲೂ ಸಿಕ್ಕಿಲ್ಲ. ಆ ಕಚೇರಿಗೆ ಜನ ಚೆನ್ನಾಗಿ ಬರುತ್ತಾರೆಂದು ನಿಮ್ಮಲ್ಲಿ ದಾಖಲಾಗಿರಬೇಕು.

ಇನ್ನು ತಪಾಸಣೆಯ ದಿನ. ಜನ ಬರುತ್ತಾರೋ ಇಲ್ಲವೋ ಎಂದು ಕಣ್ಣಾರೆ ನೋಡಲು ನಿಮ್ಮ ಕಚೇರಿಯಿಂದ ಒಬ್ಬ ಅಧಿಕಾರಿಯೂ ಕಂಪನಿಯ ಒಬ್ಬ ಪ್ರತಿನಿಧಿಯೂ ಬರುವರೆಂದು ಮೊದಲೇ ತಿಳಿಸಿದ್ದಿರಿ. ನಮಗೆ ಸಂತೋಷವಾಗಿತ್ತು. ಕಣ್ಣು ಇರುವವರು ಬರುತ್ತಿದ್ದಾರೆ, ಇನ್ನು ಚಿಂತೆಯಿಲ್ಲ ಎಂದುಕೊಂಡೆವು. ಈಶಪ್ಪ ಮೇಷ್ಟ್ರು ಆ ದಿನಕ್ಕೆಂದೇ ಮಧ್ಯಾಹ್ನವೂ ಬಂದರು. ಕಲ್ಯಾಣಪ್ಪ ಕಾಕಾ ಒಗೆದ ಧೋತರ ಉಟ್ಟು, ಹಬ್ಬದ ರುಮಾಲು ಸುತ್ತಿ ಬಂದು ಬೆಂಚಿನ ಮೇಲೆ ಕೈ ಕಟ್ಟಿ ಕೂತರು. ಕದಿರು ಕಾಣಲಿಲ್ಲ.

"ಕಾಕಾ, ಕದಿರು ಎಲ್ಲಿ? ನೂಲ್ರಿ," ಎಂದೆ.

"ಚೀಲದಾಗ ಇಟ್ಟೀನ್ರಿ. ಸಾಹೇಬ್ರ ಮುಂದ ನೂಲ್ಕೋತ ಕೂಡ್ತಾರೇನ್ರಿ ಅಕ್ಕಾರ? ಬೇಅದಬಿ ಆಗ್ತದ."

ನಾನು ಇನ್ನೊಮ್ಮೆ ಹೇಳುವಷ್ಟರಲ್ಲಿ ಅವರು ಬಂದೇಬಿಟ್ಟರು. ಎಲ್ಲರೂ ಎದ್ದು ನಿಂತೆವು. ನಮ್ಮ ಕಡೆ ದೊಡ್ಡವರು ಬಂದಾಗ ಎದ್ದು, ಅವರು ಕೂಡಿರಿ ಅನ್ನುವವರೆಗೆ ಅಲುಗಾಡದೆ ನಿಲ್ಲುವುದು ವಾಡಿಕೆ. ನಿಮ್ಮವರು ಕೂಡಿರಿ ಅನ್ನಲಿಲ್ಲ. ಇಬ್ಬರೂ ನಿಂತಲ್ಲೇ ನಿಂತು ಟ್ಯಾಬಿನಲ್ಲಿ ಏನನ್ನೋ ನೋಡತೊಡಗಿದರು. ಅವರೂ ಅಲುಗಾಡಲಿಲ್ಲ, ನಾವೂ ಅಲುಗಾಡಲಿಲ್ಲ. ಈಶಪ್ಪ ಮೇಷ್ಟ್ರು ಕೂಡ, ಜೀವಮಾನದಲ್ಲಿ ಮೊದಲ ಬಾರಿಗೆ, ಸರ್ಕಾರದ ಎದುರು ಕೈ ಎತ್ತಲಿಲ್ಲ.

ದೀಪ ಆರಿತು.

"ಕರೆಂಟು ಹೋಯಿತೇ?" ಎಂದು ಅಧಿಕಾರಿಗಳು ತೆಲುಗಿನಲ್ಲಿ ಕೇಳಿದರು.

"ಇಲ್ಲ ಸಾರ್, ಕರೆಂಟ್ ಇದೆ. ನಾವು ಹೋದೆವು," ಎಂದ ಸಂಜೀವಕುಮಾರ, ಅವನೂ ತೆಲುಗಿನಲ್ಲೇ.

ಕಂಪನಿಯವರು ಅಭ್ಯಾಸವಿದ್ದವರಂತೆ ತಲೆಯ ಮೇಲೆ ಕೈ ಬೀಸಿದರು. ದೀಪ ಹತ್ತಿತು. "ನೋಡಿ ಸಾರ್, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ," ಎಂದರು. ಅಧಿಕಾರಿಗಳು ತಲೆದೂಗಿದರು. ಮತ್ತೆ ಇಬ್ಬರೂ ಟ್ಯಾಬಿಗೆ ಬಗ್ಗಿದರು. ಮತ್ತೆ ಕತ್ತಲಾಯಿತು. ಈ ಸಲ ಅವರು ದೀಪವನ್ನು ಗಮನಿಸಲೇ ಇಲ್ಲ, ಟ್ಯಾಬಿಗೆ ತನ್ನದೇ ಬೆಳಕಿತ್ತು.

ನಾನು ಮಾತಾಡಿದೆ. ಅಪರಿಚಿತರ ಜೊತೆ ಮಾತಾಡುವುದು ನನಗೆ ಸುಲಭವಲ್ಲ. "ನಾವು ಇಲ್ಲೇ ಇದ್ದೇವೆ. ದಿನಾ ಇರುತ್ತೇವೆ. ನೀವೇ ನೋಡುತ್ತಿದ್ದೀರಲ್ಲ," ಎಂದೆ.

ನಿಮ್ಮ ಅಧಿಕಾರಿ ಕೆಟ್ಟವರಲ್ಲ. ನನ್ನ ಕಡೆ ನೋಡಿ, ನಿಜವಾದ ಮರುಕದಿಂದಲೇ ಹೇಳಿದರು: "ನೀವು ಇದ್ದೀರಮ್ಮ. ಆದರೆ ಸಿಸ್ಟಮ್ಮಿನಲ್ಲಿ ಬರುತ್ತಿಲ್ಲ."

ಮಾನ್ಯರೇ, ಆ ದಿನದ ವರದಿಯಲ್ಲಿ ಏನಿದೆಯೆಂದು ಬಾಗಿಲಿಗೆ ಅಂಟಿಸಿದ ಕಾಗದದಲ್ಲೇ ಇದೆ. ತಪಾಸಣೆಯ ಹೊತ್ತಿನಲ್ಲಿಯೂ ಕೋಣೆ ಖಾಲಿಯಾಗಿತ್ತಂತೆ. ಅಂದರೆ ತಪಾಸಣೆ ಮಾಡಿದವರೂ ಅಲ್ಲಿರಲಿಲ್ಲ. ಖಾಲಿ ಕೋಣೆಯೊಂದನ್ನು ಯಾರೂ ಬಂದು ನೋಡಲಿಲ್ಲ, ಯಾರೂ ಎದ್ದು ನಿಂತು ಗೌರವ ತೋರಲಿಲ್ಲ, ಯಾರೂ ನನಗೆ ಮರುಕ ತೋರಿಸಲಿಲ್ಲ. ನಿಮ್ಮ ಅಧಿಕಾರಿಯ ಆ ದಿನದ ಪ್ರಯಾಣಭತ್ಯೆಯನ್ನು ಯಾವ ಆಧಾರದ ಮೇಲೆ ಮಂಜೂರು ಮಾಡಿದಿರಿ ಎಂದು ನಾನು ಕೇಳುವುದಿಲ್ಲ. ಅವರಿಗೆ ತೊಂದರೆಯಾಗುವುದು ನನಗೆ ಬೇಡ. ಒಬ್ಬ ಮನುಷ್ಯ ಕಣ್ಣಿನಿಂದ ಕಂಡದ್ದಕ್ಕೂ ಯಂತ್ರ ಹೇಳಿದ್ದಕ್ಕೂ ವ್ಯತ್ಯಾಸ ಬಂದಾಗ ಏನು ಮಾಡಬೇಕೆಂದು ನಿಮ್ಮ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ, ಹುಡುಕಿ ನೋಡಿದ್ದೇನೆ. ಬರೆಯುವಾಗ ಅಂಥ ಮನುಷ್ಯ ಅಲ್ಲಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಇದರ ಬೆಲೆ ತೆತ್ತವರು ಯಾರೆಂದೂ ಹೇಳಬೇಕು. ಕಾಗದ ಅಂಟಿದ ದಿನ ಸಂಜೀವಕುಮಾರ ಅದನ್ನು ಕಾಕಾರಿಗೆ ಓದಿ ಹೇಳಿದ. ಅವರು, "ಹಂಗಾದ್ರ ನಾ ಚೀಲದಾಗ ಇಟ್ಟಿದ್ದಕ್ಕೇ ಇದು ಆತು," ಎಂದರು. ಹಾಗಲ್ಲವೆಂದು ನಾವಿಬ್ಬರೂ ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನದಿಂದ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಕೂತು, ಮುಚ್ಚುವವರೆಗೆ ಎಡೆಬಿಡದೆ ನೂಲತೊಡಗಿದರು. ಓದುವವರು ಇರಲಿ, ಇಲ್ಲದಿರಲಿ. ಊಟಕ್ಕೆ ಎದ್ದರೆ ಆ ಹೊತ್ತು ಖಾಲಿ ಎಂದು ಬರುತ್ತದೆಂದು ಊಟಕ್ಕೂ ಏಳುತ್ತಿರಲಿಲ್ಲ. "ಮಶೀನಿಗಿ ಕಾಣಬೇಕಲ್ರಿ ಅಕ್ಕಾರ. ಅದು ನೋಡ್ಲಾಕತ್ತದ," ಎನ್ನುತ್ತಿದ್ದರು. ನಾನು ಓದುತ್ತಿದ್ದದ್ದು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ. ಮೇಕೆಯ ಬಗ್ಗೆ ಅವರು ಏನೂ ಅನ್ನುತ್ತಿರಲಿಲ್ಲ, ಅವರ ಕಣ್ಣೆಲ್ಲ ಮೇಲಿನ ದೀಪದ ಮೇಲೆ.

ಕೆಲವೇ ದಿನಗಳಲ್ಲಿ ಅವರ ಮಗಳು ಸುಭದ್ರಮ್ಮ ನನ್ನ ಅಂಗಡಿಗೆ ಬಂದಳು. ನೋವಿಗೆ ಹಚ್ಚುವ ಮುಲಾಮು ಕೇಳಿದಳು.

"ಯಾರಿಗೆ?" ಎಂದೆ.

"ಯಾರಿಗಂತ ಕೇಳ್ತೀರೇನ್ರಿ ಅಕ್ಕಾರ? ಅಪ್ಪನ ಭುಜ ಬಾತದ. ತುತ್ತು ಎತ್ತಾಕ ಬರವಲ್ದು. ನಿಮ್ಮ ಬತ್ತಿ ಸಲುವಾಗಿ." ಮುಲಾಮು ಚೀಲಕ್ಕೆ ಹಾಕಿಕೊಂಡು ಸೇರಿಸಿದಳು, "ಕುರಿ ಹಿಂದ ಇಷ್ಟು ವರ್ಷ ತಿರಗ್ಯಾನ, ಹಿಂಗ ಎಂದೂ ದಣದಿರಲಿಲ್ಲ."

ಈ ಮಾತಿಗೆ ನಿಮಗೆ ಉತ್ತರ ಹೊಳೆದರೆ ತಿಳಿಸಿ, ಆಕೆಗೆ ಮುಟ್ಟಿಸುತ್ತೇನೆ. ವೈದ್ಯರು ತೋಳಿಗೆ ಜೋಳಿಗೆ ಕಟ್ಟಿ, ಅಲುಗಾಡಿಸಬಾರದು ಎಂದಿದ್ದಾರೆ. ಹೀಗೆ ಕಲ್ಯಾಣಪ್ಪ ಕಾಕಾರೂ ಈಗ ನಮ್ಮ ಹಾಗೆ, ನಿಮ್ಮ ಯಂತ್ರದ ಪಾಲಿಗೆ ಇಲ್ಲದವರಾಗಿದ್ದಾರೆ. ಆದರೂ ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂರುತ್ತಾರೆ. ನಾನು ಕೈ ಬೀಸಲು ಎದ್ದರೆ ನಿಮ್ಮ ಭುಜವೂ ಬಾತೀತೆಂದು ಕೂರಿಸುತ್ತಾರೆ, ಮೊಬೈಲಿನ ಬೆಳಕು ಹಿಡಿದು ಓದಲು ಹೋದರೆ ಬೇಡವೆನ್ನುತ್ತಾರೆ. "ಕಳ್ಳತನ ಮಾಡ್ದಂಗ ಆಗ್ತದ. ಬತ್ತಿ ಬರ್ಲಿ, ಆಮ್ಯಾಲ ಓದ್ರಿ." ರೇವಪ್ಪನವರ ಷರತ್ತು ಗೊತ್ತಿದ್ದೂ ಸಂಜೀವಕುಮಾರ ಒಮ್ಮೆ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ಎಲ್ಲರೂ ತಮಗೆ ಬೇಕಾದಂತೆ ಷರತ್ತುಗಳನ್ನು ಓದತೊಡಗಿದರೆ ನಿಮಗೂ ನಮಗೂ ಏನು ವ್ಯತ್ಯಾಸ?

ಕಥೆ ನಿಂತಿರುವ ಜಾಗ ಇದು: ಎಣಿಸುವವರು ವಿಧವೆಯ ಬಾಗಿಲಿಗೆ ಬಂದಿದ್ದಾರೆ. ಒಲೆಯ ಹಿಂದೆ ಮೇಕೆ ಉಸಿರು ಬಿಗಿಹಿಡಿದು ನಿಂತಿದೆ. "ಮೇಕಿ ಅಷ್ಟ್ ಸುಮ್ಮ ನಿಂದ್ರಾದಿಲ್ರಿ, ಒದರೇ ಒದರ್ತದ," ಎಂದು, ತೋಳಿಗೆ ಜೋಳಿಗೆ ಬಿದ್ದ ಮೇಲೆ, ಕಾಕಾ ವಾದಿಸಿದರು. ಮುಂದೇನಾಯಿತೆಂದು ನನಗೂ ಗೊತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬಾಗಿಲಿನ ಪಕ್ಕ, ಮೊದಲಿದ್ದಲ್ಲೇ, ಒಂದು ಸ್ವಿಚ್ಚು ಹಾಕಿಸಿಕೊಡಿ. ಎಲ್ಲ ಅಂಗಡಿಗಳಲ್ಲಿ ಸಿಗುವಂಥದ್ದೇ ಸಾಕು. ಅದಕ್ಕೆ ಟೆಂಡರ್ ಕರೆಯಬೇಕಿಲ್ಲ. ಖಾಲಿ ಕೋಣೆಯ ವರದಿಯನ್ನು ಹಿಂದಕ್ಕೆ ತೆಗೆದುಕೊಂಡು, ಬೀಗದ ಆದೇಶವನ್ನು ರದ್ದು ಮಾಡಿಸಿ. ತಾಂಡೂರಿನ ಹುಡುಗಿಯರ ಅನಿಲವನ್ನು ಅವರು ಏನು ತಿನ್ನುತ್ತಾರೆಂದು ಕೇಳಿ ಲೆಕ್ಕ ಹಾಕಿ. ಮುಂದಿನ ಖರೀದಿಗೆ ಕೂತಾಗ, ಎಷ್ಟು ದೀಪ, ಎಷ್ಟು ಸಿಲಿಂಡರ್ ಎಂದು ಬರೆಯುವ ಮೊದಲು, ಈ ಕೋಣೆಯಲ್ಲಿ ಜನ ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಿ. ಉತ್ತರ ಗೊತ್ತಾಗದಿದ್ದರೆ ಬಂದು ನಮ್ಮ ಜೊತೆ ಒಂದು ಮಧ್ಯಾಹ್ನ ಕೂರಿ. ಕದಿರು ತಿರುವಲು ಈಗ ಯಾರೂ ಇಲ್ಲದಿರುವುದರಿಂದ ಕೈ ಬೀಸುವ ಸರದಿ ನಿಮ್ಮದು.

ಇದೇನೂ ಆಗದು, ಬೀಗವೇ ಗಟ್ಟಿ ಎಂದಾದರೆ ಒಂದು ಸಣ್ಣ ಉಪಕಾರ ಮಾಡಿ. ಪುಸ್ತಕಗಳನ್ನು ಲಾರಿಗೆ ಹೇರುವ ಮುನ್ನ ನಿಮ್ಮವರಲ್ಲಿ ಯಾರಾದರೊಬ್ಬರು ರೇವಪ್ಪನವರ ಕಪಾಟಿನ ಮಧ್ಯದ ಸಾಲಿನಲ್ಲಿ, ಗುರುತಿಗೆ ಕರಿ ಉಣ್ಣೆಯ ದಾರ ಇಟ್ಟಿರುವ ಪುಸ್ತಕವನ್ನು ತೆಗೆದು, ದಾರವಿರುವಲ್ಲಿಂದ ಕೊನೆಯವರೆಗೆ ಓದಿ, ಮೇಕೆ ಉಳಿಯಿತೋ ಇಲ್ಲವೋ ಎಂದು ಕಲ್ಯಾಣಪ್ಪ ಕಾಕಾರಿಗೆ ತಿಳಿಸಲಿ. ಓದುವಾಗ ಮಾತ್ರ ಆಗಾಗ ಕೈ ಆಡಿಸುತ್ತಿರಲಿ. ಇಲ್ಲದಿದ್ದರೆ ಅವರೂ ಅಲ್ಲಿರುವುದಿಲ್ಲ.

ಇಂತಿ,
ಕಪಾಟಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದೂ ನಿಮ್ಮ ವರದಿಯಲ್ಲಿ ಇಲ್ಲದವಳು,
ಮಹಾನಂದಾ
ಜಹೀರಾಬಾದ